ಮೊದಲು ನೀ ಉಣ್ಣು ಎಂದ ಅಕ್ಕನಿಗೆ

ರಾಮದುರ್ಗದ ಅಕ್ಕನಿಗೆ ಬೈಲಹೊಂಗಲದ ತಂಗಿಯ ನಮಸ್ಕಾರ. ಇತ್ತ ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ನೀನು ಹೋಗಿ ಎಂಟು ತಿಂಗಳಾಯಿತು. ಶೋಭಾ ಇದ್ದಾಳೆ. ನಾನು ದಣಿದಿದ್ದೇನೆ.

ಆ ಪಂಚಮಿ ನೆನಪಿದೆಯೇ? ಸಂಪಗಾಂವದಿಂದ ಬಳೆ ಮಾರುವ ಬೀಬಿಜಾನ್ ಬಂದು ನಮ್ಮ ಕಟ್ಟೆಯ ಮೇಲೆ ಕುಳಿತಿದ್ದಳು. ಶೋಭಾಳ ಕೈ ಹಿಡಿದವಳೇ, "ಯವ್ವಾ, ಮಗಳು ಕಾಲೇಜಿಗೆ ಹೋಗ್ತಾಳ ಅಂತೀರಿ, ಈ ಕೈಗೆ ಎರಡನೇ ಇಯತ್ತೆ ಸಾಲಿ ಹುಡುಗ್ಯಾರ ಸಣ್ಣ ಬಳಿ ಬೇಕಾಗ್ತಾವಲ್ರಿ" ಎಂದಳು. ನಾನು ನಕ್ಕೆ. ನನ್ನ ಮಗಳು ನೇಮದವಳು, ಸೋಮವಾರ, ಗುರುವಾರ, ಶನಿವಾರ ನೀರು ಬಿಟ್ಟರೆ ಏನೂ ಮುಟ್ಟುವುದಿಲ್ಲ ಎಂದು ಹೆಮ್ಮೆಯಿಂದ ಹೇಳಿದೆ. ಓಣಿಯ ಹೆಂಗಸರು ಅವಳನ್ನು ಹೊಗಳುತ್ತಿದ್ದರು, ನಾನೇ ಹೊಗಳಿಸುತ್ತಿದ್ದೆ. ನೀನು ಮಾತ್ರ ಅವಳ ಮುಂಗೈಯನ್ನೇ ನೋಡುತ್ತಿದ್ದವಳು ಆಮೇಲೆ ಅಡುಗೆಮನೆಗೆ ಬಂದು ಮೆಲ್ಲಗೆ ಹೇಳಿದೆ: "ಇದು ಉಪಾಸ ಅಲ್ಲ ತಂಗಿ, ಜಡ್ಡು." ನನಗೆ ನಿನ್ನ ಮೇಲೆ ಎಷ್ಟು ಸಿಟ್ಟು ಬಂದಿತ್ತು ಗೊತ್ತೇ?

ಧಾರವಾಡದ ಡಾಕ್ಟರೂ ಅದನ್ನೇ ಹೇಳಿದಾಗ ನೀನು ನನ್ನ ಪಕ್ಕದಲ್ಲೇ ಇದ್ದೆ. "ಇದು ಹಟ ಅಲ್ರಿ, ಮನಸ್ಸಿನ ಕಾಯಿಲೆ. ಊಟದ ಹೊತ್ತಿಗೆ ಯಾರರ ಆಕಿ ಬಾಜೂಕ ಕೂಡ್ರಿ, ಜಗಳ ಮಾಡಬ್ಯಾಡ್ರಿ" ಎಂದರು. ನಮ್ಮ ಮನೆಯವರು "ಹಸಿವಾದ್ರ ತಾನ ಉಣ್ತಾಳ ಬಿಡು" ಎಂದು ಅಂಗಡಿಗೆ ಹೋದರು. ಆ ಬಾಜೂಕ ಕೂಡುವವಳು ನಾನೇ ಆದೆ, ಮೂರೂ ಹೊತ್ತು.

ನೀನು ಬಂದಿದ್ದ ಒಂದು ಮಧ್ಯಾಹ್ನ ನಡೆದದ್ದನ್ನು ಯಾರಿಗೂ ಹೇಳಿಲ್ಲ ತಾನೇ? ಎಲ್ಲರೂ ಉಂಡ ಮೇಲೆ ಹೆಂಗಸು ಉಣ್ಣಬೇಕು ಎಂದು ನಮ್ಮನ್ನು ಬೆಳೆಸಿದರು. ಮಗಳು ಉಣ್ಣದಿದ್ದರೆ ನನ್ನ ಊಟ ಎಲ್ಲಿಯದು? ಖಾಲಿ ತಾಟು ಇಟ್ಟುಕೊಂಡು ಅವಳ ಎದುರು ಕೂಡುತ್ತಿದ್ದೆ. ಅದನ್ನು ಪ್ರೀತಿ ಎಂದುಕೊಂಡಿದ್ದೆ. ಅಂದು ಅವಳು ಚೀರಿದಳು: "ನೀ ಉಪಾಸ ಕುಂತು ನನ್ನ ಬಾಯಿ ನೋಡಿದ್ರ ನನಗ ತುತ್ತು ಇಳಿತೈತೇನು ಅವ್ವಾ?" ನಾನು ತಾಟು ಬಿಸಾಕಿದೆ. "ಸಾಯ್ತಿದ್ರ ಸಾಯಿ" ಎಂದುಬಿಟ್ಟೆ. ಹೆತ್ತವಳ ಬಾಯಲ್ಲಿ ಆ ಮಾತು...

ನೀನು ಬೈಯಲಿಲ್ಲ. ತಾಟು ತೊಳೆದು, ಎರಡು ರೊಟ್ಟಿ, ಪುಂಡಿಪಲ್ಯ ಹಾಕಿ ನನ್ನ ಮುಂದಿಟ್ಟೆ. "ಮೊದಲ ನೀ ಉಣ್ಣು. ನಿನ್ನ ಕಣ್ಣು ಒಳಗ ಹೋಗ್ಯಾವು, ಅದನ್ನ ಯಾರು ನೋಡಬೇಕು?" ಎಂದೆ. ಮಗಳಿಗಿಂತ ಮೊದಲು ಉಂಡೆ, ಕಳ್ಳಿಯ ಹಾಗೆ ತಲೆ ತಗ್ಗಿಸಿ. ಸ್ವಲ್ಪ ಹೊತ್ತಾದ ಮೇಲೆ ಅವಳೂ ನಾಲ್ಕು ತುತ್ತು ಉಂಡಳು.

ಆಮೇಲೆ ಪ್ರತಿ ಮಂಗಳವಾರ ಸವದತ್ತಿಯಲ್ಲಿ ಬಸ್ಸು ಬದಲಿಸಿ ನೀನು ಬರುತ್ತಿದ್ದೆ. ಬಂದವರೆಲ್ಲ "ಶೋಭಾ ಹೆಂಗದಾಳ?" ಎಂದು ಕೇಳಿದರೆ ನೀನೊಬ್ಬಳೇ "ನೀ ಹೆಂಗದಿ?" ಎನ್ನುತ್ತಿದ್ದೆ. ಅವಳ ಪಕ್ಕ ನೀನು ಕೂತು ನನ್ನನ್ನು ಮಲಗಲು ಕಳಿಸುತ್ತಿದ್ದೆ. ವಾರಕ್ಕೆ ಅದೊಂದೇ ನಿದ್ದೆ ನನಗೆ. ಶೋಭಾ ಈಗ ಮೊದಲಿಗಿಂತ ಮೇಲು, ಆದರೆ ಹೋದ ತಿಂಗಳು ಮತ್ತೆ ಜಾರಿದಳು. ಮತ್ತೆ ಮೊದಲಿನಿಂದ ಶುರು ಮಾಡಿದ್ದೇವೆ. ಎಷ್ಟು ಸಲ ಅಂತ ಅಕ್ಕಾ?

ನೀನು ಹೋದ ದಿನ ನಾವಿಬ್ಬರೂ ಊಟಕ್ಕೆ ಕುಳಿತಿದ್ದಾಗ ಫೋನು ಬಂತು. "ಚಿಗವ್ವಾ, ಅವ್ವ ಹೋದಳು. ಎದಿ ನೋವು ಅಂದಾಕಿ ಏಳಲೇ ಇಲ್ಲ" ಎಂದು ನಿನ್ನ ಮಗ ಅಳುತ್ತಿದ್ದ. ಫೋನು ಇಟ್ಟೆ. "ಯಾರದು?" ಎಂದು ಶೋಭಾ ಕೇಳಿದಳು. "ರಾಂಗ್ ನಂಬರ್" ಎಂದೆ. ಮಣ್ಣಾಗುವವರೆಗೆ ರಕ್ತ ಸಂಬಂಧಿಕರು ಬಾಯಿಗೆ ನೀರೂ ಹಾಕಿಕೊಳ್ಳುವುದಿಲ್ಲ. ನಾನು ರೊಟ್ಟಿ ಮುರಿದೆ, ಪಲ್ಯ ಹಚ್ಚಿಕೊಂಡೆ, ಅಗಿದೆ, ನುಂಗಿದೆ. ನಾನು ನಿಲ್ಲಿಸಿದ್ದರೆ ಅವಳೂ ನಿಲ್ಲಿಸುತ್ತಿದ್ದಳು. ಮುಕ್ಕಾಲು ಗಂಟೆ ಹಿಡಿಯಿತು. ಅವಳು ಕೈ ತೊಳೆದ ಮೇಲೆ ಹೇಳಿದೆ.

ನಾವು ರಾಮದುರ್ಗ ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಬಸ್ಸು ಸಿಗಲಿಲ್ಲ ಎಂದೆ, ಎಲ್ಲರೂ ನಂಬಿದರು. ನಿನಗೆ ಮಾತ್ರ ಸುಳ್ಳು ಹೇಳಲಾರೆ. ಬಸ್ಸು ಇತ್ತು ಅಕ್ಕಾ. ಅವಳ ತಾಟಿನಲ್ಲಿ ಇನ್ನೂ ಅರ್ಧ ರೊಟ್ಟಿ ಇತ್ತು.