ಡಯಲ್‌ಗೆ ಬಿಳಿ ಬೆಳಕು

ಮಾರ್ಚ್ ೪, ಬೆಳಿಗ್ಗೆ
ಮತ್ತೆರಡು ಬಲ್ಬ್ ಹೋದವು. ಎಂಟು ವೋಲ್ಟ್ ಅಂತ ಬರೆದಿದೆ, ಆರಕ್ಕೇ ಉಸಿರು ಬಿಟ್ಟವು. ಹಲ್ಲಿನ ಡಾಕ್ಟರ ಹಳೇ ರೇಡಿಯೋ ರಿಸೀವರ್ ಇನ್ನೂ ಬೆಂಚ್ ಮೇಲೇ. "ಎಲ್‌ಇಡಿ ಹಾಕ್ಬಿಡಿ, ಬೆಳ್ಳಗಿರುತ್ತೆ" ಅಂದರು. ಆಗಲ್ಲ ಅಂದೆ. ಹಳೇ ಡಯಲ್‌ಗೆ ಹಳದಿ ಬೆಳಕೇ. ಬೆಳ್ಳಗಿರಬೇಕಾದ್ದು ಹಲ್ಲು.

ಮಾರ್ಚ್ ೭
ಅತ್ತಿಗೆ ಬಂದಿದ್ದರು. ಒಂಬತ್ತು ವರ್ಷದ ಮೇಲೆ. ಬೆಡ್‌ಶೀಟಲ್ಲಿ ಸುತ್ತಿದ ರಿಸೀವರ್. ಅಣ್ಣನದು.
"ಡಯಲ್ ಕತ್ತಲಾಗಿದೆ ಅಂತಿದ್ರು. ರಿಪೇರಿಗೆ ಕೊಡ್ತೀನಿ ಅಂದೆ. ಯಾರ ಹತ್ರ ಅಂತ ಹೇಳಿಲ್ಲ."
ಈ ಅಂಗಡಿ ಅಣ್ಣ, ನಾನು ಒಟ್ಟಿಗೆ ನಡೆಸಿದ್ದು. ಎಲ್ಲದಕ್ಕೂ ಎಲ್‌ಇಡಿ ಹಾಕೋಣ ಅಂತ ಅವನ ಹಟ. ಒಂದಿನ ಗಿರಾಕಿಗಳ ಎದುರೇ ಅಂದೆ — ಇದು ರಿಪೇರಿ ಅಲ್ಲ, ಕಟುಕತನ. ಸ್ಕ್ರೂಡ್ರೈವರ್ ಕೆಳಗಿಟ್ಟು ಹೋದ. ಅಷ್ಟೇ.

ಮಾರ್ಚ್ ೮
ಬಿಚ್ಚಿದೆ. ಐದು ಬಲ್ಬಲ್ಲಿ ಎರಡು ಸತ್ತಿವೆ. ಐದೂ ಹಳದಿ. ಬೆಸುಗೆ ಅವನದೇ ಕೈ. ತನ್ನದಕ್ಕೆ ಮಾತ್ರ ಎಲ್‌ಇಡಿ ಹಾಕಿಕೊಂಡಿಲ್ಲ... ಇರಲಿ.
ಡಯಲ್ ಹಿಂದೆ ಅಂಟಿಸಿದ್ದ ಬಣ್ಣದ ಕಾಗದ ಸುಟ್ಟು ಕಂದಾಗಿತ್ತು. ಹೊಸದು ಕತ್ತರಿಸಿ ಅಂಟಿಸಿದೆ. ಐದೂ ಹತ್ತಿದವು. ಚೆನ್ನಾಗಿದೆ.

ಮಾರ್ಚ್ ೧೧
ಅತ್ತಿಗೆ ವಾಪಸ್ ತಂದರು.
"ಇನ್ನೂ ಕತ್ತಲೇ ಅಂದ್ರು."
"ಐದೂ ಉರೀತಿದೆಯಲ್ಲ ಅತ್ತಿಗೆ."
"ಉರೀತಿದೆ. ಅವರಿಗೆ ಕಾಣಲ್ಲ. ನಾನೂ ಬಲ್ಬೇ ಅಂದ್ಕೊಂಡಿದ್ದೆ. ನಿನ್ನೆ ಬಲವಂತವಾಗಿ ಕಣ್ಣಾಸ್ಪತ್ರೆಗೆ ಕರ್ಕೊಂಡು ಹೋದೆ. ಎಡಗಣ್ಣು ಪೂರ್ತಿ ಹೋಗಿದೆಯಂತೆ. ಬಲಗಣ್ಣಿಗೆ ಜೋರು ಬಿಳಿ ಬೆಳಕಿದ್ರೆ ಮಾತ್ರ... ಒಂದ್ಸಲವೂ ಬಾಯಿಬಿಟ್ಟಿರಲಿಲ್ಲ."
ಬೆಂಚ್ ಒರೆಸಿದೆ. ಒರೆಸಿದ್ದನ್ನೇ ಒರೆಸಿದೆ.

ಮಾರ್ಚ್ ೧೯
ಎಂಟು ದಿನ ಅದನ್ನು ಮುಟ್ಟಲಿಲ್ಲ. ಇವತ್ತು ಹೋಗಿ ಎಲ್‌ಇಡಿ ತಂದೆ. ಪಾರ್ಟ್ಸ್ ಅಂಗಡಿಯವ ನನ್ನನ್ನೇ ನೋಡಿದ. "ನಿಮಗಾ? ಹಳದಿ ಛಾಯೆದು ಕೊಡ್ಲಾ?"
"ಬೇಡ. ಅಪ್ಪಟ ಬಿಳಿ. ಇರೋದ್ರಲ್ಲಿ ಜೋರಾದ್ದು."
ಬಣ್ಣದ ಕಾಗದ ಕಿತ್ತೆ. ಐದೂ ಕೂರಿಸಿದೆ. ಡಯಲ್ ಮುಳ್ಳಿಗೆ ದಪ್ಪಗೆ ಕಪ್ಪು ಬಳಿದೆ. ಆಪರೇಷನ್ ಥಿಯೇಟರ್ ಥರ ಇದೆ. ವಿಕಾರ. ನನ್ನ ಕೈಯಾರೆ ಮಾಡಿದ್ದು.

ಮಾರ್ಚ್ ೨೦, ಮಧ್ಯಾಹ್ನ ೩
ನಾನೇ ತಗೊಂಡು ಹೋದೆ. ಅಣ್ಣ ಸೊರಗಿದ್ದಾನೆ. ಮಾತಾಡದೆ ಪ್ಲಗ್ ಚುಚ್ಚಿದೆ. ಮುಖವನ್ನು ಡಯಲ್‌ಗೆ ಅಂಟಿಸಿಕೊಂಡ. ಗುಂಡಿ ತಿರುಗಿಸಿದ.
"ತೊಂಬತ್ತೆಂಟು." ಇನ್ನೊಂಚೂರು. "ಮುಕ್ಕಾಲು."
ಮುಳ್ಳು ಸರಿಯಾಗಿ ಅಲ್ಲೇ ಇತ್ತು.
"ಮುಳ್ಳಿಗೆ ಕಪ್ಪು ಬಳಿದಿದ್ದು ಯಾರ ಐಡಿಯಾ?"
"ನಂದು."
ಗುಂಡಿ ಮೇಲಿನ ಕೈ ನಿಂತಿತು. ಆಮೇಲೆ ಕೈ ಚಾಚಿದ. ಗಾಳಿ ಹಿಡಿದ. ಹತ್ತಿರ ಹೋದೆ. ತೋಳು ಸಿಕ್ಕಿತು.
"ಎಷ್ಟು ಊದಿದ್ದೀಯೋ" ಅಂದ.

ಮಾರ್ಚ್ ೨೩, ಬೆಳಿಗ್ಗೆ ೧೧
ಅತ್ತಿಗೆ ಅವನನ್ನು ಅಂಗಡಿಗೆ ಬಿಟ್ಟು ಹೋದರು. ಸ್ಟೂಲ್ ಮೇಲೆ ಕೂತಿದ್ದಾನೆ. ಯಾರದೋ ಆಂಪ್ಲಿಫೈಯರ್ ಆನ್ ಮಾಡಿಟ್ಟಿದ್ದೆ. ಅವತ್ತು ಹಾಗೆ ಅನ್ನಬಾರದಿತ್ತು ಅಂತ ಹೇಳಬೇಕಿತ್ತು. "ಅಣ್ಣ, ಅವತ್ತು—" ಅಂದೆ.
"ಸುಮ್ನಿರು. ಕೇಳಿಸ್ಕೋತಿದ್ದೀನಿ."
ನಾನೂ ಕಿವಿಗೊಟ್ಟೆ. ಬಲಗಡೆ ಸ್ಪೀಕರಲ್ಲಿ ಸಣ್ಣಗೆ ಗೊರಗೊರ. ನನಗೆ ಇದುವರೆಗೂ ಕೇಳಿಸಿರಲೇ ಇಲ್ಲ. ಬೆರಳೆತ್ತಿ ತೋರಿಸಿದ. ವಾಲ್ಯೂಮ್ ಗುಂಡಿ ಒಳಗೆ ಧೂಳು ಕೂತಿದೆಯಂತೆ, ಬಿಚ್ಚಬೇಕಂತೆ, ಈಗಲೇ. ಬರೆಯೋದು ಬಿಟ್ಟು ಬಾ ಅಂತ—