ಕಾಯಂ ಬರೆಯದ ಬಾಗಿಲು

ಚಿರಂಜೀವಿ ನಂದಾ,

ಈ ಪತ್ರ ನಿನಗೆ. ಆದರೆ ಇದನ್ನು ಓದುತ್ತಿರುವುದು ಸಿದ್ಧೇಶ್ವರ ಗುಡಿಯ ಹಿಂದಿನ ಸಭಾಭವನದಲ್ಲಿ, ನಿನ್ನ ಹೆಸರಿನಲ್ಲಿ ಸೇರಿದ ಜನರ ಎದುರು. ಆದ್ದರಿಂದ ಮೊದಲ ಮಾತು ಅವರಿಗೆ ಸಲ್ಲಬೇಕು. ತಿಕೋಟಾ, ಬಬಲೇಶ್ವರ, ಅರಕೇರಿಗಳಿಂದ ಬಸ್ಸು ಹಿಡಿದು ಬಂದವರಿಗೆ, ಅಂಗಡಿಯ ಬಾಗಿಲೆಳೆದು ಬಂದವರಿಗೆ, ನಿನ್ನನ್ನು ಮಣ್ಣು ಮಾಡಿದ ದಿನದಿಂದ ನಮ್ಮ ಮನೆಗೆ ಅಡುಗೆ ಹೊತ್ತು ತಂದ ಓಣಿಯ ತಾಯಂದಿರಿಗೆ ನನ್ನ ವಂದನೆಗಳು. ನಿಮ್ಮ ಬರವಿಗೆ ನಾನು ಋಣಿ. ನಿಮ್ಮ ಅನುಕಂಪವನ್ನು ಮಾತ್ರ ಸ್ವೀಕರಿಸಲಾರೆ. ದಯವಿಟ್ಟು ಅದನ್ನು ಮರಳಿ ಒಯ್ಯಿರಿ. ಅನುಕಂಪದ ಜೊತೆಗೆ ಒಂದು ಬೇಡಿಕೆ ಬಂದಿದೆ, ಬೇಡಿಕೆಯೊಳಗೆ ನನ್ನ ಮಗಳ ಮೇಲೆ ಒಂದು ಆರೋಪವಿದೆ. ಆರೋಪಕ್ಕೆ ಉತ್ತರ ಕೊಡದೆ ಹಾರಕ್ಕೆ ಕೊರಳೊಡ್ಡುವ ರೂಢಿ ನಮ್ಮ ಮನೆಯಲ್ಲಿಲ್ಲ.

ಈ ಪತ್ರದ ಮೊದಲ ಪದಕ್ಕೇ ಮುಂದಿನ ಸಾಲಿನ ಹಿರಿಯರು ತಲೆ ತಗ್ಗಿಸುತ್ತಾರೆಂದು ಬರೆಯುವಾಗಲೇ ಗೊತ್ತಿತ್ತು. ತೀರಿಕೊಂಡವರಿಗೆ ಹಾಗೆ ಬರೆಯಬಾರದಂತೆ. ನೀನು ಹಾಸ್ಟೆಲಿನಲ್ಲಿದ್ದಾಗಿನಿಂದ ನಿನಗೆ ಬೇರೊಂದು ಪದ ಬರೆದವನಲ್ಲ ನಾನು. ಈಗ ಕಲಿಯುವ ಇಚ್ಛೆಯೂ ಇಲ್ಲ.

ಆರೋಪವನ್ನು ಅದು ಬಂದ ಮಾತಿನಲ್ಲೇ ಹೇಳುತ್ತೇನೆ. ಒಣದ್ರಾಕ್ಷಿ ವರ್ತಕರ ಮುಖಂಡರೂ ನನ್ನ ಹಳೆಯ ಕಕ್ಷಿದಾರರೂ ಆದ ಬಸಗೊಂಡಪ್ಪನವರು ಮಾತಾಡಿಸಲು ಮನೆಗೆ ಬಂದಿದ್ದರು. ನಿನ್ನ ತಾಯಿ ಕೊಟ್ಟ ಚಹಾವನ್ನು ಕೆಳಗಿಟ್ಟು ಕಣ್ಣೊರೆಸಿಕೊಂಡರು. ಆ ಕಣ್ಣೀರು ಸುಳ್ಳೆಂದು ನಾನು ವಾದಿಸುವುದಿಲ್ಲ. ಆಮೇಲೆ ಹೇಳಿದರು: "ವಕೀಲ್ರ, ಮೈಯಾಗ ಜ್ವರಾ ಇಟ್ಕೊಂಡು ಕೆಲಸಾ ಮಾಡಿದ ಹುಡುಗಿ. ಒಂದ ಶಬ್ದ ಬರಿಯೂದು ಮರತಾಳ. ನಾವೇನು ಮನಸಿಗೆ ಹಚ್ಕೊಂಡಿಲ್ಲ ಬಿಡ್ರಿ. ನಮ್ಮ ಎಂಜಿನಿಯರು ಬಂದು ಸರಿ ಮಾಡ್ತಾನ."

ನಂದಾ, ಈ ಪತ್ರ ಆ ಒಂದು ಶಬ್ದದ ಬಗ್ಗೆ.

ಇಲ್ಲಿರುವ ಎಲ್ಲರಿಗೂ ನಿನ್ನ ಕೆಲಸ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. ನಮ್ಮ ಮಾಳಿಗೆಯ ಕೋಣೆಯಲ್ಲಿ ನೀನು ಒಂದು ದೊಡ್ಡ ಕಂಪ್ಯೂಟರು ತಂದಿಟ್ಟು ಅದನ್ನು ಹೋಸ್ಟ್ ಎಂದು ಕರೆದೆ. ಅದರ ಹೊಟ್ಟೆಯಲ್ಲಿ ಮೂರು ವರ್ಚುವಲ್ ಮಷೀನುಗಳಿದ್ದವು. ಒಂದು ತಿಕೋಟಾದ ಬೆಳೆಗಾರರ ಸಂಘದ್ದು, ಒಂದು ಬಬಲೇಶ್ವರದವರದ್ದು, ಮೂರನೆಯದು ವರ್ತಕರದ್ದು. ಯಾರ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿನಲ್ಲಿ ಎಷ್ಟಿದೆ, ಯಾವ ದರ್ಜೆಯದು, ಯಾರು ಎಂದು ಮಾರುವವರು ಎಂಬ ಲೆಕ್ಕವೆಲ್ಲ ಆಯಾ ಮಷೀನಿನೊಳಗೆ. ಕಬ್ಬಿಣದ ಪೆಟ್ಟಿಗೆ ಒಂದೇ ಇರುವಾಗ ಒಳಗೆ ಮೂರು ಯಂತ್ರಗಳು ಹೇಗೆಂದು ಕೇಳಿದ್ದೆ. ನೀನು ನಿನ್ನ ಅಪ್ಪನ ಕಸುಬಿನ ಭಾಷೆಯಲ್ಲೇ ಉತ್ತರಿಸಿದೆ: "ಅಪ್ಪಾಜಿ, ಒಂದ ವಾಡೇದಾಗ ಮೂರು ವಾಟ್ನಿ ಆದಂಗ. ಗ್ವಾಡಿ ಎಲ್ಲಿ, ಬಾಗಲಾ ಎಲ್ಲಿ ಅನ್ನೂದು ನಾ ಬರಿತೀನಿ. ನಾ ಬರೀಲಿಲ್ಲ ಅಂದ್ರ ಬಾಗಲಾ ಇಲ್ಲ."

ಜೀವಮಾನವಿಡೀ ಅಣ್ಣತಮ್ಮಂದಿರ ವಾಟ್ನಿಯ, ಅಂದರೆ ಆಸ್ತಿ ಪಾಲಿನ, ಖಟ್ಲೆಗಳನ್ನೇ ನಡೆಸಿದ ನನಗೆ ಅದಕ್ಕಿಂತ ಹೆಚ್ಚಿನ ವಿವರಣೆ ಬೇಕಿರಲಿಲ್ಲ. ಮೂರು ಮಷೀನುಗಳಿಗೂ ಬೇರೆ ಬೇರೆ ನೆಟ್‌ವರ್ಕು. ಪ್ರತಿಯೊಂದೂ ಹೋಸ್ಟಿನ ಮೂಲಕ ಹೊರಜಗತ್ತಿಗೆ ಹೋಗಬಲ್ಲದು. ಪಕ್ಕದ ಮಷೀನಿಗೆ ಇಣುಕಲಾರದು. ಸೌದಾ ನಡೆಯುವ, ಎಂದರೆ ಮಾಲಿನ ದರ ಕುದುರಿಸುವ, ದಿನಕ್ಕೆಂದೇ ನೀನು ನಾಲ್ಕನೆಯದೊಂದು ನೆಟ್‌ವರ್ಕು ಕಟ್ಟಿ ಅದಕ್ಕೆ 'ಸೌದಾ' ಎಂದೇ ಹೆಸರಿಟ್ಟಿದ್ದೆ. ಆ ದಿನ ಮೂರು ಮಷೀನುಗಳಿಗೂ ಇನ್ನೊಂದು ನೆಟ್‌ವರ್ಕ್ ಕಾರ್ಡು ಜೋಡಿಸಿ, ಮೂವರನ್ನೂ ಒಂದೇ ಅಂಗಳಕ್ಕೆ ತರುತ್ತಿದ್ದೆ. ಸೌದಾ ಮುಗಿದ ಮೇಲೆ ಕಾರ್ಡು ಬಿಚ್ಚುತ್ತಿದ್ದೆ. ಆ ಕಾರ್ಡೂ ಕಲ್ಪಿತವೇ, ಕೈಯಿಂದ ಮುಟ್ಟುವಂಥದ್ದಲ್ಲ. ಆದರೆ ಅದರಿಂದ ಆಗುವ ಲಾಭನಷ್ಟ ಕಲ್ಪಿತವಲ್ಲ.

ನೀನು ಹಾಸಿಗೆ ಹಿಡಿದದ್ದೂ ಒಂದು ಸೌದಾದ ದಿನವೇ. ಬೆಳಿಗ್ಗೆ ಕಾರ್ಡುಗಳನ್ನು ಜೋಡಿಸಿದೆ. ಮಧ್ಯಾಹ್ನ ಡೆಂಗ್ಯು ಜ್ವರವೆಂದು ಆಸ್ಪತ್ರೆಗೆ ಸೇರಿದೆ. ಮತ್ತೆ ಮಾಳಿಗೆ ಹತ್ತಲಿಲ್ಲ. ನೀನು ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಸೌದಾದ ಬಾಗಿಲು ತೆರೆದೇ ಇತ್ತು. ಅದು ನಿನಗೆ ಗೊತ್ತಾಗುವ ಸ್ಥಿತಿಯಿರಲಿಲ್ಲ, ನಮಗೆ ಗೊತ್ತಾಗುವ ವಿದ್ಯೆಯಿರಲಿಲ್ಲ. ನಿನ್ನ ಜೊತೆ ಕೆಲಸ ಹಂಚಿಕೊಂಡಿದ್ದ ನಾಜಿಯಾ ಆಸ್ಪತ್ರೆಯಲ್ಲಿ ನಿನ್ನ ಪಕ್ಕ ಬಿಟ್ಟು ಏಳಲಿಲ್ಲ. ವರ್ತಕರಿಗೆ ಮಾತ್ರ ಗೊತ್ತಾಯಿತು. ಆ ದಿನಗಳಲ್ಲಿ ತಿಕೋಟಾ ಸಂಘದ ಮುಖ್ಯಸ್ಥರಾದ ಬಾಬುಸಾಬರು ಮಗಳ ಮದುವೆಗೆಂದು ಮಾಲು ಮಾರಲು ಹೊರಟರು. ಅವರ ಬಳಿ ಉಳಿದ ಪೆಟ್ಟಿಗೆಗಳೆಷ್ಟು, ಅದರಲ್ಲಿ ಬಣ್ಣ ಕಂದಿದ್ದು ಎಷ್ಟು ಎಂಬುದನ್ನೆಲ್ಲ ಕೊಳ್ಳುವವರು ಅವರಿಗಿಂತ ಮೊದಲೇ ಹೇಳಿ ದರ ಮುರಿದರು. ಬಾಬುಸಾಬರು ಅದೇ ದರಕ್ಕೆ ಕೊಟ್ಟು ಬಂದರು.

ಆ ಬಾಗಿಲು ಹೇಗೆ ಮುಚ್ಚಿತೆಂಬುದನ್ನು ಕೇಳಿದರೆ ನಿನಗೆ ನಗು ಬರುತ್ತಿತ್ತು. ಮಣ್ಣು ಕೊಟ್ಟು ಬಂದ ಮೇಲೆ ಮನೆ ತೊಳೆಯುವುದು ನಮ್ಮ ಪದ್ಧತಿ. ನಿನ್ನ ಸೋದರತ್ತೆ ಅಕ್ಕನಾಗಮ್ಮ ಕೊಡ ಹಿಡಿದು ಮಾಳಿಗೆ ಹತ್ತಿದಳು. ನೆಲ ತೊಳೆಯಲು ಗೋಡೆಯ ಪ್ಲಗ್ಗು ಕಿತ್ತಳು. ಕರೆಂಟು ಹೋದ ತಕ್ಷಣ ಯುಪಿಎಸ್ಸು ಕುಂಯ್ ಎನ್ನತೊಡಗಿತು. "ಸತ್ತ ಮನ್ಯಾಗ ಇದೊಂದ ಹೊಯ್ಕೋಳೂದು ಬಾಕಿ ಇತ್ತೇನು" ಎಂದು ಅದನ್ನೂ ಬಂದ್ ಮಾಡಿದಳು. ಇಡೀ ಹೋಸ್ಟು ಆರಿತು. ಮರುದಿನ ನಾಜಿಯಾ ಬಂದು ಅದನ್ನು ಚಾಲೂ ಮಾಡಿದಾಗ ಮೂರು ಮಷೀನುಗಳೂ ತಾವಾಗಿಯೇ ಎದ್ದವು, ಅವುಗಳ ಸ್ವಂತ ನೆಟ್‌ವರ್ಕುಗಳೂ ಎದ್ದವು. ಸೌದಾದ ಕಾರ್ಡುಗಳು ಮಾತ್ರ ಬರಲಿಲ್ಲ.

ಬಸಗೊಂಡಪ್ಪನವರ ಎಂಜಿನಿಯರು ಕಂಡುಹಿಡಿದ ದೋಷ ಇದೇ. ಕಾರ್ಡು ಜೋಡಿಸುವ ಆಜ್ಞೆಯನ್ನು ಎರಡು ಬಗೆಯಲ್ಲಿ ಕೊಡಬಹುದಂತೆ. ಒಂದು, ಮಷೀನು ಓಡುತ್ತಿರುವಷ್ಟು ಕಾಲಕ್ಕೆ ಮಾತ್ರ. ಇನ್ನೊಂದು, ಒಂದೇ ಒಂದು ಶಬ್ದ ಹೆಚ್ಚಿಗೆ ಬರೆದರೆ, ಆ ಮಷೀನಿನ ಕಾಯಂ ದಾಖಲೆಯೊಳಗೇ ಸೇರಿಬಿಡುತ್ತದೆ. ಎಷ್ಟು ಸಲ ಆರಿಸಿ ಹಚ್ಚಿದರೂ ಕಾರ್ಡು ತಾನಾಗಿ ಬಂದು ನಿಲ್ಲುತ್ತದೆ. ನೀನು ಆ ಶಬ್ದ ಬರೆದಿರಲಿಲ್ಲ. ಅವರು ಅದಕ್ಕೆ ಮರೆವು ಎಂದರು, ಜ್ವರ ಎಂದರು, ಪಾಪ ಎಂದರು.

ನಾನು ಸಾಕ್ಷ್ಯವಿಲ್ಲದೆ ಮಾತಾಡುವವನಲ್ಲ. ನಿನ್ನ ಕುರ್ಚಿಯಲ್ಲಿ ಕೂತೆ. ನಾಜಿಯಾ ಪಕ್ಕದಲ್ಲಿ ಕೂತು ಕಲಿಸಿದಳು. ಬೆಳೆಗಾರರ ನಿಜವಾದ ಮಷೀನಿನ ಮೇಲೆ ಪ್ರಯೋಗ ಬೇಡವೆಂದು ತಿಕೋಟಾದ ಮಷೀನಿನದೊಂದು ನಕಲು ಮಾಡಿದೆ. ನಕಲನ್ನು ಚಾಲೂ ಮಾಡಿದ್ದೇ ತಡ, ಮೂಲವೂ ನಕಲೂ ಎರಡೂ ತೊದಲತೊಡಗಿದವು; ಒಮ್ಮೆ ಇದು ಸಿಗುತ್ತದೆ, ಒಮ್ಮೆ ಅದು. ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆಯನ್ನೂ ನಾನು ಹಾಗೆಯೇ ನಕಲು ಮಾಡಿದ್ದೆ. ನೀನು ಹೋದಂದಿನಿಂದ ನಾಜಿಯಾ ನಕ್ಕದ್ದನ್ನು ನಾನು ಮೊದಲ ಸಲ ಕಂಡೆ. "ಕಾಕಾ, ಒಂದ ಆಧಾರ ಕಾರ್ಡಿನ ಮ್ಯಾಲ ಇಬ್ರು ರೇಷನ್ ಕೇಳಾಕತ್ತಾರ್ರಿ," ಎಂದಳು. ಹಾಗೆಂದವಳೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತಳು. ನಾನು ಹೊಸ ಸಂಖ್ಯೆ ಹಾಕುವುದು ಹೇಗೆಂದು ಕೇಳಿದೆ, ಅಳುತ್ತಲೇ ತೋರಿಸಿದಳು.

ಆಮೇಲೆ ಪರೀಕ್ಷೆ. ಆ ಶಬ್ದವಿಲ್ಲದೆ ಕಾರ್ಡು ಜೋಡಿಸಿ, ನಕಲನ್ನು ಆರಿಸಿ ಹಚ್ಚಿದೆ. ಬಾಗಿಲು ಹೋಗಿತ್ತು. ಆ ಶಬ್ದ ಸೇರಿಸಿ ಜೋಡಿಸಿ, ಆರಿಸಿ ಹಚ್ಚಿದೆ. ಬಾಗಿಲು ಇತ್ತು. ಹಾಗಾದರೆ, ಸಭಿಕರೇ, ನನ್ನ ಮಗಳಿಗೆ ಆ ಶಬ್ದ ಗೊತ್ತಿರಲಿಲ್ಲವೇ? ಮಷೀನುಗಳ ಸ್ವಂತ ಕಾರ್ಡುಗಳನ್ನೆಲ್ಲ ಅವಳು ಕಾಯಂ ಆಗಿಯೇ ಬರೆದಿದ್ದಾಳೆ. ಗೊತ್ತಿತ್ತು. ಜ್ವರದಲ್ಲಿ ಮರೆತಳೇ? ಜ್ವರವಿಲ್ಲದ ಪ್ರತಿ ಸೌದಾದ ಬೆಳಿಗ್ಗೆಯೂ ಅವಳು ಕಾರ್ಡು ಹೊಸದಾಗಿಯೇ ಜೋಡಿಸಿದ್ದನ್ನು ನಾಜಿಯಾ ಕಣ್ಣಾರೆ ಕಂಡಿದ್ದಾಳೆ. ಒಮ್ಮೆ ಬಿಟ್ಟರೆ ಮರೆವು. ಪ್ರತಿ ಸಲವೂ ಅದೇ ಶಬ್ದವನ್ನು ಬಿಡುವುದು ಮರೆವಲ್ಲ, ತೀರ್ಮಾನ.

ಯಾಕೆಂದು ಬಾಬುಸಾಬರು ಹೇಳಿದರು. ಅವರ ಮಾತನ್ನು ಅವರ ಎದುರೇ ಉದ್ಧರಿಸುತ್ತೇನೆ: "ಪ್ರತಿ ಸಲಾ ಮುಂಜಾನೆ ಫೋನ್ ಮಾಡ್ತಿದ್ಳ್ರಿ. 'ಕಾಕಾ, ಬಾಗಲಾ ತೆಗಿಲೇನ್ರಿ?' ಅಂತ. ನಾ ಹೂಂ ಅಂದ್ರ ತೆಗಿತಿದ್ಳು. ಒಂದ ಸಲಾ ಬ್ಯಾಡವಾ ಅಂದೆ. ಯಾಕಂತ ಸೈತ ಕೇಳಲಿಲ್ರಿ ಹುಡುಗಿ." ಬಬಲೇಶ್ವರ ಸಂಘದ ಅಮೋಘಿಯೂ ಇದೇ ಮಾತನ್ನಾಡಿದ. ಬೇಡವೆಂದ ಆ ದಿನ ನನಗೂ ನೆನಪಿದೆ. ವರ್ತಕರ ಗುಮಾಸ್ತ ನಮ್ಮ ಕಟ್ಟೆಯ ಮೇಲೆ ಸಂಜೆಯ ತನಕ ಕೂತು, ಚಹಾದ ಮೇಲೆ ಚಹಾ ಕುಡಿದು, ಬರಿಗೈಯಲ್ಲಿ ಹೋದ. ಒಂದೇ ಡಬ್ಬಿಯೊಳಗಿದ್ದು ಒಬ್ಬರ ಮೋರೆ ಒಬ್ಬರು ನೋಡಬಾರದೆಂದರೆ ಹೇಗೆಂದು ಅವನು ಕೇಳಿದಾಗ, ಮೆಟ್ಟಿಲ ಮೇಲಿಂದಲೇ ನೀನು ಹೇಳಿದ್ದೆ: "ವಾಟ್ನಿ ಆದಮ್ಯಾಲ ಬಾಗಲಾ ಬಡದು ಬರಬೇಕ್ರಿ ಅಣ್ಣಾರ."

ಬಸಗೊಂಡಪ್ಪನವರೇ, ಈ ಕಾನೂನು ನಿಮಗೆ ಹೊಸದಲ್ಲ. ನೀವು ವಿಶ್ವಾಸದಿಂದ ಬಿಟ್ಟುಕೊಟ್ಟ ಕಾಲುಹಾದಿಯನ್ನು ತನ್ನ ಹಕ್ಕೆಂದು ಸಾಧಿಸಲು ಒಬ್ಬಾತ ನಿಮ್ಮ ಹೊಲದ ಮೇಲೆ ದಾವೆ ಹಾಕಿದಾಗ, ಕೇಳಿ ಪಡೆದ ಅನುಮತಿ ಎಷ್ಟು ವರ್ಷ ನಡೆದರೂ ಹಕ್ಕಾಗದು ಎಂದು ನಿಮ್ಮ ಪರವಾಗಿ ವಾದಿಸಿ ಗೆದ್ದವನು ನಾನು. ಆಗ ನನ್ನ ಮಗಳು ಶಾಲೆಯ ಪಾಟಿಚೀಲ ತೊಡೆಯ ಮೇಲಿಟ್ಟುಕೊಂಡು ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಅವಳು ಬೆಳೆಗಾರರಿಂದ ನಿಮಗೆ ಕೊಡಿಸಿದ್ದು ಅನುಮತಿ. ಇಂದು ಅವಳ ಭಾವಚಿತ್ರದ ಕೆಳಗೆ ನಿಂತು ನೀವು ಕೇಳುತ್ತಿರುವುದು ಹಕ್ಕು.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತದ್ದು ಒಂದೇ: ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳಿ, ಆಮೇಲೆ ಉತ್ತರಿಸಬೇಕು. ಹೇಳುತ್ತೇನೆ. ಬಸಗೊಂಡಪ್ಪನವರು ತಮ್ಮ ಕೋಲ್ಡ್ ಸ್ಟೋರೇಜಿನಲ್ಲಿ ನಿನ್ನ ಹೆಸರಿನ ಗಣಕ ಕೇಂದ್ರ ಮಾಡುತ್ತಾರೆ. ಹೋಸ್ಟನ್ನು ಅಲ್ಲಿಗೆ ಒಯ್ದು, ತಂಪಿನಲ್ಲಿಟ್ಟು, ಕರೆಂಟಿನ ಖರ್ಚು ತಾವೇ ಹೊರುತ್ತಾರೆ. ಕಾರ್ಡುಗಳನ್ನು ಕಾಯಂ ಮಾಡಿದರೆ ವ್ಯಾಪಾರ ಚುರುಕಾಗುತ್ತದೆ. ಮಾಡದಿದ್ದರೆ ವರ್ತಕರು ಗಡಿಯಾಚೆಯ ತಾಸಗಾಂವ ಪೇಟೆಗೆ ಹೋಗಬಹುದು, ಆಗ ನಷ್ಟ ಬೆಳೆಗಾರರಿಗೇ. ಇದರಲ್ಲಿ ಕೊನೆಯ ಮಾತು ನಿಜವಾದ ಬೆದರಿಕೆ. ಅದನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಬಾಬುಸಾಬರನ್ನೂ ಅಮೋಘಿಯನ್ನೂ ಕೇಳಿದೆ. ಹೋಗುವವರು ಹೋಗಲಿ, ಮೈಮೇಲಿನ ಅಂಗಿ ಬಿಚ್ಚಿಟ್ಟು ದರ ಕೇಳುವುದಕ್ಕಿಂತ ಅದು ಲೇಸು ಎಂದರು. ನಷ್ಟ ಅನುಭವಿಸುವವರೇ ಹಾಗೆಂದ ಮೇಲೆ ಅವರ ಪರವಾಗಿ ಹೆದರಲು ನಾನು ಯಾರು?

ಇನ್ನೊಂದು ವಾದವಿದೆ, ಎಲ್ಲಕ್ಕಿಂತ ಬಲವಾದದ್ದು. ಅದು ನಿನ್ನ ತಾಯಿಯದು. ರಾಜೇಶ್ವರಿ ಮೊನ್ನೆ ಅಡುಗೆಮನೆಯಿಂದಲೇ, ನನ್ನ ಕಡೆ ತಿರುಗದೆ ಹೇಳಿದಳು: "ಅದರ ಪಂಖಾದ ಸಪ್ಪಳ ಕೇಳಿದ್ರ ಅಕಿ ಮ್ಯಾಲ ಕುಂತಾಳ ಅನಸ್ತೈತ್ರಿ. ದಿನಾ ಎರಡ ಸಲಾ ಚಹಾ ತುಗೊಂಡು ಮೆಟ್ಟಿಲ ಹತ್ತತೀನಿ. ಕೊಟ್ಟಬಿಡ್ರಿ." ನ್ಯಾಯ ಅವಳ ಕಡೆಗೂ ಇದೆ. ಆದರೆ ನಂದಾ, ನಮ್ಮ ಮನೆ ನಿಶ್ಶಬ್ದವಾಗಲೆಂದು ತಿಕೋಟಾದ, ಬಬಲೇಶ್ವರದ ಅಷ್ಟೂ ಮನೆಗಳ ಗೋಡೆ ಕೆಡವಲು ನಾನು ಒಪ್ಪಲಾರೆ. ನಿನ್ನ ತಾಯಿಯ ಮುನಿಸನ್ನು ಹೊರುತ್ತೇನೆ. ಅವಳು ಚಹಾ ತಂದರೆ, ಕುಡಿಯಲು ಅಲ್ಲೊಬ್ಬ ಮನುಷ್ಯ ಕೂತಿರುತ್ತಾನೆ.

ಈ ನಿರ್ಧಾರ ನಾನೊಬ್ಬನೇ ಮಾಡಿದ್ದು. ನಿನ್ನ ತಾಯಿಯೂ ನಾಜಿಯಾಳೂ ಇದನ್ನು ಇದೀಗ, ನಿಮ್ಮೆಲ್ಲರ ಜೊತೆಗೇ ಕೇಳುತ್ತಿದ್ದಾರೆ. ಯಂತ್ರ ಒಯ್ಯಲು ಬಂದಿರುವ ಟೆಂಪೋ ಖಾಲಿ ಹೋಗತಕ್ಕದ್ದು. ಹೋಸ್ಟು ನಮ್ಮ ಮಾಳಿಗೆಯಿಂದ ಇಳಿಯುವುದಿಲ್ಲ. ನನ್ನ ಮಗಳು ಬಿಟ್ಟ ಶಬ್ದವನ್ನು ಯಾರೂ ಬರೆಯುವುದಿಲ್ಲ. ನನ್ನ ಕೈಯಲ್ಲಿದ್ದ ಖಟ್ಲೆಗಳ ಕಡತಗಳನ್ನೆಲ್ಲ ಇಂದು ಬೆಳಿಗ್ಗೆ ನನ್ನ ಜೂನಿಯರ್ ತುಕಾರಾಮನಿಗೆ ಒಪ್ಪಿಸಿ, ವಕೀಲಿಕೆ ಬಿಟ್ಟಿದ್ದೇನೆ. ಬರುವ ಸೌದಾದ ಮುಂಜಾನೆ ತಿಕೋಟಾಕ್ಕೂ ಬಬಲೇಶ್ವರಕ್ಕೂ ಫೋನು ಮಾಡುವವನು ನಾನು. ಇಬ್ಬರೂ ಹೂಂ ಎಂದರೆ ಕಾರ್ಡು ಜೋಡಿಸುತ್ತೇನೆ. ಒಬ್ಬರು ಬೇಡವೆಂದರೂ ಜೋಡಿಸುವುದಿಲ್ಲ, ಯಾಕೆಂದು ಕೇಳುವುದೂ ಇಲ್ಲ.

ಯಾರ ಎದುರೂ ನಿನ್ನ ಪರವಾಗಿ ಕ್ಷಮೆ ಕೇಳುವ ಪ್ರಸಂಗ ಈ ಮನೆಗೆ ಬಾರದಿರಲಿ, ಮಗಳೇ. ಹೋಗಿ ಬಾ.

ನಿನ್ನ ಕೆಲಸಕ್ಕೆ ಕೂತ ನಿನ್ನ ಅಪ್ಪ,
ಸಂಗನಬಸವ
ವಿಜಯಪುರ