ಕುರಿ ತುಳಿದ ಹೆಜ್ಜೆ

ಸಿಟ್ಟಿನ ಗೆಳತಿ ರಹೀಮುನ್ನಿಸಾಳಿಗೆ, ಬೀದರಿನ ಜನಿಯ ನೆನಪುಗಳು.

ಹೋದ ವಾರ ನಿಮ್ಮ ದೂರದ ನೆಂಟಳು ಅಕ್ತರಬೀಯ ಮನೆಯ ಮದುವೆಗೆ ಹೋಗಿದ್ದೆ. ನೀನು ಬದುಕಿರುವೆ, ಇಲ್ಲೇ ಜಹೀರಾಬಾದಿನಲ್ಲಿರುವೆ ಎಂದು ಅಲ್ಲಿ ತಿಳಿಯಿತು. ಉಣ್ಣುವುದನ್ನು ಬಿಟ್ಟು ಅತ್ತುಬಿಟ್ಟೆ. ಆಮೇಲೆ ಅಕ್ತರಬೀ ಇನ್ನೊಂದು ಮಾತು ಹೇಳಿದಳು: "ಹೊಂಟಾಗ ಜನಿ ಮಾರಿ ತಿರುವಿದ್ಳು ಅಂತ ಇವತ್ತಿಗೂ ಅಂತಾಳ." ನಿನ್ನ ಹಟ ನನಗೆ ಗೊತ್ತಿದ್ದದ್ದೇ. ಆದರೂ ಎಪ್ಪತ್ತೈದು ವರ್ಷ ದಾಟಿದ ಮೇಲೂ?

ನಿನ್ನೆ ಮೊಮ್ಮಗಳು ನಮ್ಮ ಕೆರೆಗೆ ಕರೆದೊಯ್ದಳು. ಈಗ ಅದು ಪಾರ್ಕು. ಏರಿಯ ಮೇಲೆ ಸಿಮೆಂಟು ಹಾಸಿ, ನಡೆಯುವವರಿಗೆ ಒಂದು, ಓಡುವವರಿಗೆ ಒಂದು ಎಂದು ದಾರಿಗೆ ಗೆರೆ ಎಳೆದಿದ್ದಾರೆ. "ಆಯಿ, ಇತ್ಲಾಗ ಬಾ, ನೀ ಓಡೋರ ದಾರ್ಯಾಗ ನಿಂತೀದಿ" ಎಂದು ಕೈ ಹಿಡಿದೆಳೆದಳು. ನನಗೆ ನಗು ಬಂತು. ನಾವಿಬ್ಬರೂ ಇಲ್ಲಿ ಗೆರೆಯಿಲ್ಲದೆಯೇ ಓಡಿದವರು. ನಿನ್ನಪ್ಪ ದಸ್ತಗೀರ ಕಾಕಾ ನಮ್ಮ ಕುರಿಗಳ ಉಣ್ಣೆ ಹಿಂಜುತ್ತಿದ್ದ. ಅದರ ಎಳೆ ಸದಾ ನಿನ್ನ ಜಡೆಯಲ್ಲಿ ಸಿಕ್ಕಿರುತ್ತಿತ್ತು. ಆದರೆ ಜೋಳದ ಹೊಲವಿದ್ದ ಕಡೆಯ ತಿರುವಿಗೆ ಬಂದಾಗ ನನ್ನ ಕಾಲು ಮುಂದೆ ಹೋಗಲಿಲ್ಲ.

ರಹೀಮಾ, ಈಗಲಾದರೂ ಕೇಳು. ನಿಜಾಮನ ರಾಜ್ಯ ಬಿದ್ದು ಪೊಲೀಸ್ ಆಕ್ಷನ್ ಮುಗಿದ ವಾರ ಅದು. ರಜಾಕಾರರ ಮೇಲಿನ ಸೇಡಿಗೆ ಕೋಲು ಹಿಡಿದವರು ನಿಮ್ಮ ಓಣಿಯ ಮನೆಮನೆ ಹುಡುಕುತ್ತಿದ್ದರು. ಅಪ್ಪ ನಿಮ್ಮನ್ನು ಎರಡು ದಿನ ಕುರಿದೊಡ್ಡಿಯಲ್ಲಿ ಬಚ್ಚಿಟ್ಟು, ಬೆಳಕು ಹರಿಯುತ್ತಲೇ ಏರಿಯ ಮೇಲಿಂದ ಕಳಿಸಿದ. ಮಳೆ ಬಿದ್ದ ಹಸಿ ಮಣ್ಣು. ನಿಮ್ಮ ಐವರ ಹೆಜ್ಜೆಯೂ ಎದ್ದು ಕಾಣುತ್ತಿತ್ತು. ಹಸಿ ಹುಲ್ಲು ಮೇಯ್ದರೆ ಕುರಿಗೆ ರೋಗ ಎಂದು ಬಿಸಿಲೇರುವ ತನಕ ದೊಡ್ಡಿ ತೆರೆಯದವನು ಅವನು. ಅಂದು ಅಷ್ಟೂ ಕುರಿಗಳನ್ನು ನಿಮ್ಮ ಹಿಂದೆಯೇ ಹೊಡೆದ. ನೀವು ಹೊಲ ಹೊಕ್ಕ ಮೇಲೆ ಅವನ್ನು ಮತ್ತೆ ಊರ ಕಡೆಗೆ ತಿರುಗಿಸಿದ. ನಾನು ಮುಂದೆ, ಕುರಿಗಳು ಹಿಂದೆ, ಕೊನೆಗೆ ಅವನು. "ಜನಿ, ಹೊಳ್ಳಿ ನೋಡಬ್ಯಾಡ. ನೀ ನಿಂತ್ರ ಕುರಿ ನಿಲ್ತಾವ, ಹೆಜ್ಜಿ ಉಳೀತಾವ" ಎಂದಿದ್ದ.

ಆಗಲೇ ನೀನು ಜೋಳದೊಳಗಿಂದ ಕರೆದೆ. ಮೆಲ್ಲಗೆ, ಎರಡು ಸಲ. ನನಗೆ ಕೇಳಿಸಿತು. ಆದರೂ ನಡೆದೆ.

ಸ್ವಲ್ಪ ಹೊತ್ತಿಗೆ ಕೋಲಿನವರು ಎದುರಾದರು. "ಈ ಕಡಿ ಯಾರರೆ ಹ್ವಾದ್ರೇನು?" ಎಂದು ಕೇಳಿದರು. "ನಮ್ಮ ಕುರಿ ಹೋಗಿ ಬಂದಾವ್ರಿ, ಹೆಜ್ಜಿ ನೋಡ್ರಿ" ಎಂದ ಅಪ್ಪ. ಅವರು ಬಗ್ಗಿ ನೋಡಿ ಹೊರಟುಹೋದರು. ಹಸಿ ಮೇಯ್ದ ಎಷ್ಟೋ ಕುರಿ ಆ ತಿಂಗಳು ಸತ್ತವು.

ಈಗ ಕೆರೆಯ ದಾರಿಯ ಮೇಲೆ ಯಾರ ಹೆಜ್ಜೆಯೂ ಮೂಡುವುದಿಲ್ಲ, ಅಳಿಸುವ ಕೆಲಸವೂ ಇಲ್ಲ. ಬಸ್ಸು ಹತ್ತಿ ಬಾ. ನಡೆಯುವವರ ದಾರಿಯಲ್ಲಿ ನಾನು ಮುಂದೆ ಹೋಗುತ್ತಿರುತ್ತೇನೆ. ಹಿಂದಿನಿಂದ ಒಂದೇ ಒಂದು ಸಲ ಕರೆ.

ನಿನ್ನ ಅಲ್ಲಾ, ನಮ್ಮ ವಿಠ್ಠಲ ಇಬ್ಬರೂ ಸೇರಿ ನಿನ್ನ ಮೊಣಕಾಲಿಗೆ ಅಷ್ಟು ಕಸುವು ಕೊಡಲಿ.

ಹೊಳ್ಳಿ ನೋಡಲು ಕಾದಿರುವ,
ನಿನ್ನ ಜನಿ
(ಮೊಮ್ಮಗಳ ಕೈಯಿಂದ ಬರೆಸಿದ್ದು)